ಬಿ ಕೋಶಕ್ಕೆ ಆ್ಯಂಟಿಬಾಡಿ ಮಾಡೋಕೆ ಟಿ ಕೋಶದ ಸಹಾಯ ಯಾಕೆ ಬೇಕು?
ಬಿ ಕೋಶ, ಟಿ ಕೋಶ ಎರಡೂ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು; ಆ್ಯಂಟಿಬಾಡಿ ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ರಕ್ಷಕ ಪ್ರೋಟೀನ್. ಟಿ ಕೋಶದ ಸಹಾಯ ಎಲ್ಲ ಸಲವೂ ಬೇಕಿಲ್ಲ, ಆದರೆ ಅದು ಸಿಗದಿದ್ದಾಗ ಏನಾಗುತ್ತದೆ ಅನ್ನೋದಕ್ಕೆ ಹಿಬ್ (ಹಿಮೋಫಿಲಸ್ ಇನ್ಫ್ಲುಯೆಂಜಾ ಟೈಪ್ ಬಿ) ಬ್ಯಾಕ್ಟೀರಿಯಾ ಒಳ್ಳೆಯ ಉದಾಹರಣೆ. ಚಿಕ್ಕ ಮಕ್ಕಳಲ್ಲಿ ಮೆದುಳುಪೊರೆಯ ಉರಿಯೂತ ತರುವ ರೋಗಾಣು ಇದು.

ಇದರ ಹೊರಕವಚ ಸಕ್ಕರೆಯ ಸರಪಳಿ. ಬಿ ಕೋಶ ಅದನ್ನು ನೇರವಾಗಿ ಗುರುತಿಸುತ್ತದೆ. ಸಹಾಯಕ ಟಿ ಕೋಶಕ್ಕೆ ಮಾತ್ರ ಸಾಮಾನ್ಯವಾಗಿ ಪ್ರೋಟೀನ್ ಚೂರುಗಳೇ ಬೇಕು, ಬರೀ ಸಕ್ಕರೆ ಕಾಣುವುದಿಲ್ಲ. ಹಾಗಾಗಿ ಬರೀ ಸಕ್ಕರೆಯಿಂದ ಮಾಡಿದ ಹಳೆಯ ಲಸಿಕೆಗೆ ಟಿ ಕೋಶದ ಸಹಾಯ ಸಿಗಲಿಲ್ಲ; ಅದು, ಎಲ್ಲರಿಗಿಂತ ಜಾಸ್ತಿ ಅಪಾಯದಲ್ಲಿದ್ದ 2 ವರ್ಷದೊಳಗಿನ ಮಕ್ಕಳಲ್ಲೇ ಸರಿಯಾಗಿ ಕೆಲಸ ಮಾಡಲಿಲ್ಲ.

ಪರಿಹಾರ ನಿಜಕ್ಕೂ ಸೊಗಸಾಗಿದೆ: ಸಕ್ಕರೆಯನ್ನು, ವಿಷಗುಣ ತೆಗೆದ ಟೆಟನಸ್ ವಿಷ ಅಂದರೆ ಟೆಟನಸ್ ಟಾಕ್ಸಾಯ್ಡ್‌ನಂಥ ಪ್ರೋಟೀನಿಗೆ ಅಂಟಿಸಿದರು. ಈಗ ಡೆಂಡ್ರೈಟಿಕ್ ಕೋಶ (ಹೊರಗಿನ ವಸ್ತುವನ್ನು ನುಂಗಿ ಟಿ ಕೋಶಕ್ಕೆ ತೋರಿಸುವ ಕಾವಲು ಕೋಶ) ಲಸಿಕೆಯನ್ನು ನುಂಗಿ, ಹತ್ತಿರದ ದುಗ್ಧಗ್ರಂಥಿಗೆ ಹೋಗಿ, ಪ್ರೋಟೀನ್ ಚೂರನ್ನು ತೋರಿಸಿ ಟಿ ಕೋಶವನ್ನು ಎಬ್ಬಿಸುತ್ತದೆ. ಅತ್ತ ಬಿ ಕೋಶ ಸಕ್ಕರೆಯನ್ನು ಹಿಡಿದು ಎಳೆದಾಗ ಅದಕ್ಕೆ ಅಂಟಿದ ಪ್ರೋಟೀನೂ ಒಳಗೆ ಬರುತ್ತದೆ ಅಲ್ವಾ, ಅದರ ಚೂರನ್ನೇ ಬಿ ಕೋಶ ತನ್ನ ಮೈಮೇಲೆ ಇಟ್ಟು ತೋರಿಸುತ್ತದೆ, ಎದ್ದಿರುವ ಟಿ ಕೋಶ ಅದನ್ನು ಗುರುತಿಸಿ ಬಂದು ತಬ್ಬಿಕೊಳ್ಳುತ್ತದೆ. ಆಗ ಸಿಗುವ ಸಂಕೇತದಿಂದ ಬಿ ಕೋಶ ಬೆಳೆದು ಹಲವಾಗುತ್ತದೆ. ಮೊದಲು ಬರುವ ಐಜಿಎಂ ಬಗೆಯ ಆ್ಯಂಟಿಬಾಡಿಯ ಬದಲು ಗಟ್ಟಿಯಾಗಿ ಹಿಡಿಯುವ ಐಜಿಜಿ ಬಗೆಯದು ಬರುತ್ತದೆ, ನೆನಪಿನ ಕೋಶಗಳೂ ಉಳಿಯುತ್ತವೆ.

ಗಮನಿಸಿ, ಬಿ ಕೋಶ, ಟಿ ಕೋಶ ಇಬ್ಬರೂ ನೋಡುವುದು ಬೇರೆ ಬೇರೆ ಭಾಗ. ಸಕ್ಕರೆ, ಪ್ರೋಟೀನ್ ಎರಡನ್ನೂ ಸುಮ್ನೆ ಬೆರೆಸಿ ಕೊಟ್ಟರೆ ಸಾಲದು, ಅಂಟಿಕೊಂಡೇ ಇರಬೇಕು.

ನಮ್ಮಲ್ಲಿ ಮಗುವಿಗೆ 6, 10, 14 ವಾರಗಳಲ್ಲಿ ಹಾಕಿಸುವ, ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಇರುವುದು ಈ ಜೋಡಿಸಿದ ಹಿಬ್ ಭಾಗವೇ.