ಸಿಕೋಯಾ ದುಡ್ಡು ಹಾಕಿದೆ ಅಂದ ಮಾತ್ರಕ್ಕೆ

‘ಅಕ್ಕಾ’ ಅಂತ ಶುರು ಮಾಡಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೇ?

ನೀನು ಕೇಳಿರುವುದು ಎರಡು ವಿಷಯ. ಸ್ಯಾನ್ ಹೋಸೆಗೆ ಬಂದಿಳಿದು ನಾಲ್ಕು ತಿಂಗಳು, ದೊಡ್ಡ ಕಂಪನಿಯಲ್ಲಿ ಎಚ್‌1ಬಿ ವೀಸಾದ ಕೆಲಸ. ಈಗ ಮೂವತ್ತು ಜನರ ಸ್ಟಾರ್ಟಪ್ ಒಂದು ಕರೆಯುತ್ತಿದೆ. ಸಂಬಳ ಕಡಿಮೆ, ಷೇರು ಜಾಸ್ತಿ. ಅದಕ್ಕೆ ದುಡ್ಡು ಹಾಕಿರುವುದು ಸಿಕೋಯಾ, ಹೊಸ ಕಂಪನಿಗಳಿಗೆ ಬಂಡವಾಳ ಹೂಡುವ ವೆಂಚರ್ ಸಂಸ್ಥೆ. ‘ಸಿಕೋಯಾ ದುಡ್ಡು ಹಾಕಿದೆಯಂತೆ, ಹಾಗಾದರೆ ಭದ್ರ ತಾನೇ?’ ಅನ್ನುವುದು ಒಂದು. ‘ಬೆಂಗಳೂರಿನಲ್ಲೂ ಈ ಹೆಸರು ಕೇಳುತ್ತಿದ್ದೆ, ಈಗ ಅಲ್ಲಿ ಕಾಣುತ್ತಿಲ್ಲ, ಮುಚ್ಚಿತಾ?’ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕತೆಯಲ್ಲಿದೆ. ಸ್ವಲ್ಪ ಹಿಂದಿನಿಂದ ಹೇಳಬೇಕು.

ಮೊದಲು ಒಂದು ಶನಿವಾರ ಬಿಡುವು ಮಾಡಿಕೊಂಡು, 280 ಹೆದ್ದಾರಿ ಹಿಡಿದು ಮೆನ್ಲೋ ಪಾರ್ಕಿನ ಸ್ಯಾಂಡ್ ಹಿಲ್ ರೋಡಿಗೆ ಹೋಗಿ ಬಾ. ನಾನು ಬಂದ ಹೊಸದರಲ್ಲಿ ಹೋಗಿದ್ದೆ. ಜಗತ್ತಿನ ದುಡ್ಡೆಲ್ಲ ಇಲ್ಲಿಂದಲೇ ಹೊರಡುತ್ತದೆ ಅಂತ ಕೇಳಿ, ಗಾಜಿನ ಗೋಪುರಗಳನ್ನು ಹುಡುಕುತ್ತಾ ಆ ರಸ್ತೆಯನ್ನು ಎರಡು ಸಲ ದಾಟಿಬಿಟ್ಟೆ. ಅಲ್ಲಿರುವುದು ಓಕ್ ಮರಗಳ ಮರೆಯಲ್ಲಿ ಎರಡು ಮೂರು ಮಹಡಿಯ ತಗ್ಗು ಕಟ್ಟಡಗಳು. ಬೋರ್ಡುಗಳೂ ಕಣ್ಣಿಗೆ ಬೀಳದಷ್ಟು ಚಿಕ್ಕವು. ಹಲ್ಲಿನ ಡಾಕ್ಟರ ಕ್ಲಿನಿಕ್ ಅಂದುಕೊಂಡರೂ ಅಂದುಕೊಳ್ಳಬಹುದು.

ಆ ರಸ್ತೆಯ ಸಿಕೋಯಾ, ಡಾನ್ ವ್ಯಾಲೆಂಟೈನ್ ಅನ್ನುವವರು 1972ರಲ್ಲಿ ಕಟ್ಟಿದ ಸಂಸ್ಥೆ. ಲಾರಿ ಡ್ರೈವರ್ ಒಬ್ಬರ ಮಗ. ಫೇರ್‌ಚೈಲ್ಡ್ ಸೆಮಿಕಂಡಕ್ಟರಿನಲ್ಲಿ, ಆಮೇಲೆ ನ್ಯಾಷನಲ್ ಸೆಮಿಕಂಡಕ್ಟರಿನಲ್ಲಿ ಚಿಪ್ ಮಾರಿ ಪಳಗಿದ್ದ ಆಸಾಮಿ. ಯಾವ ಮಾಲಿಗೆ ಗಿರಾಕಿ ಇದ್ದಾನೆ ಅನ್ನುವುದು ಅವರಿಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಅದೇ ವರ್ಷ, ಅದೇ ರಸ್ತೆಯಲ್ಲಿ ಶುರುವಾದ ಇನ್ನೊಂದು ವೆಂಚರ್ ಸಂಸ್ಥೆ ಕ್ಲೈನರ್ ಪರ್ಕಿನ್ಸ್ ತನ್ನ ಸ್ಥಾಪಕರ ಹೆಸರನ್ನೇ ಇಟ್ಟುಕೊಂಡಿತು. ವ್ಯಾಲೆಂಟೈನ್ ಮಾತ್ರ ತಮ್ಮ ಹೆಸರಿಡದೆ ಸಿಕೋಯಾ ಅನ್ನುವ ಕ್ಯಾಲಿಫೋರ್ನಿಯಾದ ದೈತ್ಯ ಮರದ ಹೆಸರಿಟ್ಟರು. ತಾನು ಹೋದ ಮೇಲೂ ಮನೆ ನಿಲ್ಲಬೇಕು ಅನ್ನುವ ಲೆಕ್ಕ. ಅವರು 2019ರಲ್ಲಿ ತೀರಿಕೊಂಡರು, ಮರ ನಿಂತಿದೆ.

ಸಿಕೋಯಾ ದುಡ್ಡು ಹಾಕಿದ ಕಂಪನಿಗಳು ನೋಡು: 1975ರಲ್ಲಿ ಅಟಾರಿ, 1978ರಲ್ಲಿ ಆ್ಯಪಲ್, 1987ರಲ್ಲಿ ಸಿಸ್ಕೋ, 1995ರಲ್ಲಿ ಯಾಹೂ, 1999ರಲ್ಲಿ ಗೂಗಲ್. ಈ ಪಟ್ಟಿಯನ್ನು ಇಲ್ಲಿನ ಜನ ಸಹಸ್ರನಾಮದ ಹಾಗೆ ಹೇಳುತ್ತಾರೆ. ಯಾವ ಮಗುವಿನ ಹುಟ್ಟುಹಬ್ಬಕ್ಕೆ ಹೋದರೂ ಕೇಕ್ ಕತ್ತರಿಸುವಷ್ಟರಲ್ಲಿ ಇದು ಕಿವಿಗೆ ಬೀಳುತ್ತದೆ, ಕೇಳಿದವರಿಗೆ ತಾನೊಬ್ಬನೇ ಹಿಂದೆ ಬಿದ್ದೆ ಅನ್ನಿಸುತ್ತದೆ. ನಿನಗೂ ಅನ್ನಿಸಿರಬೇಕು. ಪಟ್ಟಿಯಲ್ಲಿ ಹೇಳದೆ ಬಿಡುವ ಸಂಗತಿಗಳು ನನಗೆ ಹೆಚ್ಚು ಇಷ್ಟ. ಆ್ಯಪಲ್ ಷೇರು ಮಾರುಕಟ್ಟೆಗೆ ಬಂದದ್ದು 1980ರ ಡಿಸೆಂಬರಿನಲ್ಲಿ. ಸಿಕೋಯಾ ತನ್ನ ಪಾಲನ್ನು ಅದಕ್ಕೂ ಮೊದಲೇ ಮಾರಿ ಕೈತೊಳೆದುಕೊಂಡಿತ್ತು. ಲಾಭ ಬಂತು, ನಿಜ. ಆದರೆ ಇನ್ನೊಂದಿಷ್ಟು ದಿನ ಕಾದಿದ್ದರೆ!

ಸಿಸ್ಕೋ ಕತೆಯನ್ನು ಮಾತ್ರ ನೀನು ಗಟ್ಟಿಯಾಗಿ ನೆನಪಿಟ್ಟುಕೋ. ಅದನ್ನು ಕಟ್ಟಿದ್ದು ಸ್ಟ್ಯಾನ್‌ಫರ್ಡಿನಲ್ಲಿ ಕೆಲಸಕ್ಕಿದ್ದ ಗಂಡ ಹೆಂಡತಿ, ಲೆನ್ ಬೋಸಾಕ್ ಮತ್ತು ಸ್ಯಾಂಡಿ ಲರ್ನರ್. ಸಿಕೋಯಾ 2.5 ಮಿಲಿಯನ್ ಡಾಲರ್ ಕೊಟ್ಟು ಸುಮಾರು ಮೂರನೇ ಒಂದು ಪಾಲು ತೆಗೆದುಕೊಂಡಿತು. ಹೊರಗಿನಿಂದ ಸಿಇಒ ಬಂದರು. 1990ರ ಫೆಬ್ರವರಿಯಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಹೋಯಿತು. ಆಗಸ್ಟಿನಲ್ಲಿ ಲರ್ನರ್ ಅವರನ್ನು ಮನೆಗೆ ಕಳಿಸಿದರು, ಬೋಸಾಕ್ ಅವರೂ ಹಿಂದೆಯೇ ಹೊರಟರು. ಕಟ್ಟಿದವರನ್ನೇ ಆರು ತಿಂಗಳಲ್ಲಿ ಹೊರಗೆ ಕಳಿಸುವ ವ್ಯವಹಾರ ಇದು, ಮೂವತ್ತೊಂದನೆಯವನಾಗಿ ಸೇರುವ ನಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆಯೇ? ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಕಸುಬೇ ಹಾಗೆ.

ಆ ಕಸುಬಿನ ಒಳಗುಟ್ಟು ಇಷ್ಟೇ: ದುಡ್ಡು ಅವರದಲ್ಲ. ವಿಶ್ವವಿದ್ಯಾಲಯಗಳ ದತ್ತಿನಿಧಿ, ಧರ್ಮಸಂಸ್ಥೆಗಳ ನಿಧಿ, ಪಿಂಚಣಿ ನಿಧಿ, ಇಂಥ ಕಡೆಯಿಂದ ತಂದು ಸಾಮಾನ್ಯವಾಗಿ ಹತ್ತು ವರ್ಷದ ವಾಯಿದೆಗೆ ಒಂದು ಫಂಡ್ ಮಾಡುತ್ತಾರೆ. ವರ್ಷಕ್ಕೆ ಶೇ 2ರ ಆಸುಪಾಸು ನಿರ್ವಹಣಾ ಶುಲ್ಕ, ಲಾಭ ಬಂದರೆ ಅದರಲ್ಲಿ ಶೇ 20 ಅಥವಾ ಇನ್ನೂ ಹೆಚ್ಚು. ಮೂವತ್ತು ಕಂಪನಿಗೆ ಹಾಕಿದರು ಅಂದುಕೋ. ಇಪ್ಪತ್ತು ಮುಳುಗಿದರೂ ಅವರಿಗೆ ನಿದ್ದೆ ಬರುತ್ತದೆ. ಒಂದೇ ಒಂದು ವಾಟ್ಸ್‌ಆ್ಯಪ್ ಗೆದ್ದರೆ ಸಾಕು. 2014ರಲ್ಲಿ ಫೇಸ್‌ಬುಕ್ ಅದನ್ನು 19 ಬಿಲಿಯನ್ ಡಾಲರಿಗೆ ಕೊಂಡಾಗ, ಅದರಲ್ಲಿ ಹಣ ಹೂಡಿದ್ದ ವೆಂಚರ್ ಸಂಸ್ಥೆ ಸಿಕೋಯಾ ಒಂದೇ. ಅದೇ ಸಂಸ್ಥೆ ಎಫ್‌ಟಿಎಕ್ಸ್ ಅನ್ನುವ ಕ್ರಿಪ್ಟೋ ವಿನಿಮಯ ಕೇಂದ್ರಕ್ಕೆ 200 ಮಿಲಿಯನ್ ಡಾಲರಿಗೂ ಹೆಚ್ಚು ಹಾಕಿ, 2022ರ ನವೆಂಬರಿನಲ್ಲಿ ಅದರ ಬೆಲೆ ಸೊನ್ನೆ ಅಂತ ಲೆಕ್ಕದಲ್ಲಿ ಬರೆಯಿತು. ಬರೆದು ಮರುದಿನ ಆಫೀಸಿಗೆ ಬಂದರು. ಅವರಿಗೆ ಮೂವತ್ತು ಗದ್ದೆ ಇದೆ ತಮ್ಮಾ. ನಿನಗಿರುವುದು ಒಂದು ಕೆಲಸ, ಒಂದು ವೀಸಾ.

ಇದನ್ನು ನಾನು ಕಲಿತದ್ದು ಖರ್ಚು ಮಾಡಿಯೇ. 2006ರಲ್ಲಿ ಇಂಥದೇ ಒಂದು ಸಣ್ಣ ಕಂಪನಿಗೆ ಸೇರಿದೆ. ಅದರಲ್ಲಿ ಸಿಕೋಯಾ ಇರಲಿಲ್ಲ, ಬೇರೊಂದು ದೊಡ್ಡ ಹೆಸರಿತ್ತು. ಎರಡು ವರ್ಷದಲ್ಲಿ ಕೈಗೆ ಬಂದ ಆಪ್ಷನ್‌ಗಳನ್ನು, ಅಂದರೆ ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕನ್ನು, ಉಳಿತಾಯದ 6,400 ಡಾಲರ್ ಕೊಟ್ಟು ಷೇರು ಮಾಡಿಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಆ ಷೇರುಗಳ ಲೆಕ್ಕದಲ್ಲಿ ಸನ್ನಿವೇಲಿನಲ್ಲಿ ಮನೆಗಳನ್ನೂ ನೋಡಿ ಬಂದೆವು. 2008ರ ಅಕ್ಟೋಬರಿನಲ್ಲಿ ಸಿಕೋಯಾ ತನ್ನ ಕಂಪನಿಗಳ ಸಿಇಒಗಳನ್ನೆಲ್ಲ ಕರೆಸಿ, ಗೋರಿಕಲ್ಲಿನ ಚಿತ್ರದಿಂದ ಶುರುವಾಗುವ ಸ್ಲೈಡುಗಳನ್ನು ತೋರಿಸಿತು. ಒಳ್ಳೆಯ ಕಾಲಕ್ಕೆ ತಿಥಿ ಮಾಡಿದ್ದಾಯಿತು, ಖರ್ಚು ಕತ್ತರಿಸಿ ಅನ್ನುವುದು ಸಾರಾಂಶ. ಆ ಸ್ಲೈಡುಗಳು ಒಂದೆರಡು ದಿನದಲ್ಲಿ ಸಿಲಿಕಾನ್ ಕಣಿವೆಯ ಎಲ್ಲರ ಇನ್‌ಬಾಕ್ಸಿಗೂ ಬಂದವು, ನಮ್ಮ ಸಿಇಒಗೂ. ನವೆಂಬರಿನ ಒಂದು ಮಂಗಳವಾರ ಹನ್ನೊಂದು ಜನರನ್ನು ಒಂದೇ ಕೋಣೆಗೆ ಕರೆದರು. ಮೇಜಿನ ಮೇಲೆ ನೀಲಿ ಫೋಲ್ಡರುಗಳು, ಪ್ರತಿಯೊಂದರ ಮೇಲೂ ಹೆಸರು. ಪಕ್ಕದಲ್ಲಿ ಒಂದು ಟಿಶ್ಯೂ ಡಬ್ಬ. ಡಬ್ಬ ಹೊಸದು, ಮೇಲಿನ ಪ್ಲಾಸ್ಟಿಕ್ಕನ್ನೂ ಹರಿದಿರಲಿಲ್ಲ. ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ಪ್ಲಾಸ್ಟಿಕ್ಕೇ.

ಕೆಲಸ ಹೋದ ಮೇಲೆ ಎಚ್‌1ಬಿಯವರಿಗೆ ಬೇರೆ ಕೆಲಸ ಹುಡುಕಲು 60 ದಿನದ ಅವಕಾಶ ಅನ್ನುವುದು ಬಂದದ್ದು 2017ರಲ್ಲಿ. ನಮ್ಮ ಕಾಲಕ್ಕೆ ಅದೂ ಇರಲಿಲ್ಲ. ಎರಡು ವಾರ ಸಂಬಳದ ಪಟ್ಟಿಯಲ್ಲಿ ಇಟ್ಟುಕೊಂಡಿದ್ದರು, ಅಷ್ಟರೊಳಗೆ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಕಂಪನಿಗೆ ಎಳೆದುಕೊಂಡರು. ಇಲ್ಲದಿದ್ದರೆ ವಿಮಾನದ ಟಿಕೆಟ್ ನೋಡಿಯೇ ಇಟ್ಟಿದ್ದೆ. ಮರುವರ್ಷ ಆ ಸ್ಟಾರ್ಟಪ್ಪನ್ನು ಹೂಡಿಕೆದಾರರು ಹಾಕಿದ್ದಕ್ಕಿಂತ ಕಡಿಮೆ ದುಡ್ಡಿಗೆ ಮಾರಿದರು. ಇಂಥ ಮಾರಾಟದಲ್ಲಿ ಮೊದಲ ಪಂಕ್ತಿ ಹೂಡಿಕೆದಾರರದು. ಹಾಕಿದ ಅಸಲನ್ನು ಅವರು ತೆಗೆದುಕೊಂಡ ಮೇಲೆ ಉಳಿದದ್ದರಲ್ಲಿ ನೌಕರರ ಊಟ. ಉಳಿಯಲಿಲ್ಲ. 6,400 ಡಾಲರ್ ಹೋಯಿತು. ಆ ಫೋಲ್ಡರು ಇನ್ನೂ ಟ್ಯಾಕ್ಸ್ ಕಾಗದಗಳ ಜೊತೆ ಇದೆ.

ಇನ್ನು ಬೆಂಗಳೂರಿನ ವಿಷಯ. ಈ ಕಣಿವೆಯ ಹೂಡಿಕೆದಾರರಿಗೆ ಮೊದಲಿನಿಂದ ಒಂದು ಅಭ್ಯಾಸ, ಕಾರಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ದೂರದ ಕಂಪನಿಗೇ ದುಡ್ಡು. 1990ರ ದಶಕದ ಮಧ್ಯದಲ್ಲಿ ಸಿಕೋಯಾದ ಯಜಮಾನಿಕೆ ಇಬ್ಬರಿಗೆ ಬಂತು. ಒಬ್ಬರು ವೇಲ್ಸ್‌ನಿಂದ ಬಂದ ಹಳೆಯ ಪತ್ರಕರ್ತ ಮೈಕೆಲ್ ಮೊರಿಟ್ಜ್, ಇನ್ನೊಬ್ಬರು ಹುಡುಗನಾಗಿದ್ದಾಗಲೇ ಇಟಲಿಯಿಂದ ಬಂದ ಡಗ್ ಲಿಯೋನಿ. ಇಬ್ಬರೂ ನಮ್ಮ ಹಾಗೆ ಸಾಗರ ದಾಟಿದವರು. ಮನೆ ಊರಾಚೆ ಕಾಲಿಟ್ಟದ್ದು ಅವರ ಕಾಲದಲ್ಲೇ: 1999ರಲ್ಲಿ ಇಸ್ರೇಲ್, 2005ರಲ್ಲಿ ಚೀನಾ, 2006ರಲ್ಲಿ ಭಾರತ. ಹೋದ ರೀತಿಯಲ್ಲಿ ಜಾಣತನವಿತ್ತು. ಇಲ್ಲಿಂದ ಬಿಳಿಯ ಮ್ಯಾನೇಜರರನ್ನು ಕಳಿಸಲಿಲ್ಲ. ಚೀನಾದಲ್ಲಿ ಸಿಟ್ರಿಪ್ ಕಂಪನಿ ಕಟ್ಟಿದವರಲ್ಲೊಬ್ಬರಾದ ನೀಲ್ ಶೆನ್ ಕೈಗೆ ಕೀಲಿಕೈ ಕೊಟ್ಟರು. ಭಾರತದಲ್ಲಿ ಆಗಲೇ ಇದ್ದ ವೆಸ್ಟ್‌ಬ್ರಿಡ್ಜ್ ಅನ್ನುವ ಸಂಸ್ಥೆಯನ್ನೇ ಸೇರಿಸಿಕೊಂಡು ಸಿಕೋಯಾ ಇಂಡಿಯಾ ಮಾಡಿದರು. ಎಲ್ಲಿ ದುಡ್ಡು ಹಾಕಬೇಕು ಅನ್ನುವ ತೀರ್ಮಾನ ಆಯಾ ಊರಿನವರದೇ.

ಊರಿನವರಿಗೆ ಕೀಲಿ ಕೊಟ್ಟರೆ ಒಂದಲ್ಲ ಒಂದು ದಿನ ಅವರು ಬೇರೆ ಬಾಗಿಲು ಇಡುತ್ತಾರೆ. 2011ರಲ್ಲಿ ವೆಸ್ಟ್‌ಬ್ರಿಡ್ಜ್‌ನ ಹಳಬರು ಹೊರಬಂದು ತಮ್ಮ ಹಳೆಯ ಹೆಸರಿನಲ್ಲೇ ಮತ್ತೆ ಶುರು ಮಾಡಿದರು. ಉಳಿದವರು ಜಸ್ಟ್‌ಡಯಲ್, ಜೊಮ್ಯಾಟೊ, ಆಮೇಲೆ ಇಂಡೊನೇಷ್ಯಾದ ಟೋಕೋಪೀಡಿಯಾ ಅಂತ ದುಡ್ಡು ಹಾಕುತ್ತಾ ಮುಂದುವರಿದರು. ಮುಂದೆ ಸಿಕೋಯಾಗೆ ಲಂಡನ್ನಿನಲ್ಲೂ ಆಫೀಸು ಆಯಿತು. ಅಷ್ಟು ಹೊತ್ತಿಗೆ ಒಂದೇ ಸೂರಿನ ಕೆಳಗೆ ಸಂಸಾರ ದೊಡ್ಡದಾಗಿ, ಒಂದು ದೇಶದ ಶಾಖೆ ಹಣ ಹಾಕಿದ ಕಂಪನಿಗೆ ಇನ್ನೊಂದು ಶಾಖೆಯ ಕಂಪನಿಯೇ ಎದುರಾಳಿ ಅನ್ನುವ ಪರಿಸ್ಥಿತಿ. ಮೇಲಿನಿಂದ ಅಮೆರಿಕ, ಚೀನಾ ಜಗಳ. 2023ರ ಜೂನ್‌ನಲ್ಲಿ ಮನೆ ಪಾಲಾಯಿತು. ಅಮೆರಿಕ, ಯುರೋಪಿನವರಿಗೆ ಸಿಕೋಯಾ ಹೆಸರು. ಚೀನಾದವರು ಹೊಂಗ್‌ಶಾನ್, ಅಂದರೆ ಅವರ ಭಾಷೆಯಲ್ಲಿ ಅದೇ ಮರ. ನಮ್ಮ ಕಡೆಯವರು ಮರವನ್ನೇ ಬಿಟ್ಟು ಬೆಟ್ಟ ಹಿಡಿದರು: ಪೀಕ್ ಫಿಫ್ಟೀನ್. ಎವರೆಸ್ಟ್ ಅಂತ ಹೆಸರಿಡುವ ಮೊದಲು ಸರ್ವೇಯವರ ದಾಖಲೆಯಲ್ಲಿ ಆ ಶಿಖರಕ್ಕಿದ್ದ ಹೆಸರು. ಹಾಗಾಗಿ ಮುಚ್ಚಿಲ್ಲ, ಒಲೆ ಬೇರೆಯಾಗಿದೆ ಅಷ್ಟೇ. ನನ್ನನ್ನು ಕೇಳಿದರೆ ಪಾಲು ಸ್ವಲ್ಪ ತಡವಾಗಿಯೇ ಆಯಿತು.

ಹಾಗಾದರೆ ಸೇರಬೇಡ ಅನ್ನುತ್ತೇನೆಯೇ? ಇಲ್ಲ. ಕೆಲಸ ಇಷ್ಟವಾದರೆ ಸೇರು. ಸೇರುವ ಕಾರಣ ಆ ಹೆಸರು ಆಗಬಾರದು. ಬ್ಯಾಂಕಿನಲ್ಲಿ ಇನ್ನೆಷ್ಟು ತಿಂಗಳಿನ ದುಡ್ಡಿದೆ ಅಂತ ನಾಚಿಕೆಯಿಲ್ಲದೆ ಕೇಳು, ಇಲ್ಲಿ ಅದನ್ನು ತಪ್ಪು ತಿಳಿಯುವುದಿಲ್ಲ. ‘ನಿನಗೆ ಇಪ್ಪತ್ತು ಸಾವಿರ ಷೇರು’ ಅಂದರೆ ಒಟ್ಟು ಎಷ್ಟರಲ್ಲಿ ಅಂತ ಕೇಳು, ಒಟ್ಟು ಸಂಖ್ಯೆ ಹೇಳದಿದ್ದರೆ ಇಪ್ಪತ್ತು ಸಾವಿರಕ್ಕೆ ಅರ್ಥವೇ ಇಲ್ಲ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಸಾಮಾನ್ಯವಾಗಿ ಒಂದೂ ಸಿಗುವುದಿಲ್ಲ. ಬಿಟ್ಟ ಮೇಲೆ ಕೈಗೆ ಬಂದ ಆಪ್ಷನ್‌ಗಳಿಗೆ ಷೇರು ಕೊಳ್ಳಲು 90 ದಿನ ಕೊಡುತ್ತಾರೋ, ಇನ್ನೂ ಹೆಚ್ಚೋ, ನೋಡು. ಎಲ್ಲಕ್ಕಿಂತ ಮುಖ್ಯ, ಗ್ರೀನ್ ಕಾರ್ಡಿನ ಅರ್ಜಿ ಯಾವಾಗ ಶುರು ಮಾಡುತ್ತಾರೆ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೋ. ಭಾರತದವರ ಸಾಲು ಎಷ್ಟು ಉದ್ದ ಅಂತ ನಿನಗೆ ಗೊತ್ತು. ಈಗಿನ ಕಂಪನಿ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ನೌಕರನ ಪರವಾಗಿ ಕಂಪನಿ ಹಾಕುವ ಅರ್ಜಿ, ಹಾಕುವ ಅಂದಾಜಿನಲ್ಲಿದ್ದರೆ ಅದು ಮಂಜೂರಾಗುವವರೆಗೆ ಕಾಯುವುದು ನನ್ನ ಲೆಕ್ಕಕ್ಕೆ ವಾಸಿ. ಆ ಸಾಲಿನ ತಾರೀಖು ನಿನ್ನ ಜೊತೆಗೇ ಬರುತ್ತದೆ, ಸ್ಟಾರ್ಟಪ್ ಮುಳುಗಿದರೂ.

ಶನಿವಾರ ಬೆಳಿಗ್ಗೆ ಹತ್ತರ ಮೇಲೆ ಫೋನ್ ಮಾಡು. ಆಫರ್ ಲೆಟರ್ ಜೊತೆ ಸ್ಟಾಕ್ ಪ್ಲಾನ್ ಅಂತ ಒಂದು ಉದ್ದದ ಕಾಗದ ಕೊಟ್ಟಿರುತ್ತಾರೆ, ಕೊಟ್ಟಿಲ್ಲದಿದ್ದರೆ ನಾಳೆಯೇ ಕೇಳಿ ತರಿಸಿಕೋ. ಅದನ್ನು ಮುಂದಿಟ್ಟುಕೊಂಡು ಇಬ್ಬರೂ ಓದೋಣ.