ಡೆನ್ಮಾರ್ಕ್‌ಗೆ ಓದಲು ಹೋಗುವ ಮೊದಲು ಊಟ-ತಿಂಡಿಯ ಯಾವ ಡ್ಯಾನಿಷ್ ಪದಗಳನ್ನು ಕಲಿಯಬೇಕು?

ಮೊದಲು ‘ಮ್ಯಾದ್’ ಕಲಿಯಿರಿ, ಆಹಾರ ಎಂದರ್ಥ. ಅದರಿಂದಲೇ ‘ಮಾರ್ನ್‌ಮ್ಯಾದ್’ (ಬೆಳಗಿನ ತಿಂಡಿ), ‘ಆಫ್ಟನ್ಸ್‌ಮ್ಯಾದ್’ (ಸಂಜೆಯ ಊಟ) ಹುಟ್ಟುತ್ತವೆ. ಮಧ್ಯಾಹ್ನದ ಊಟ ಮಾತ್ರ ‘ಫ್ರೊಕೊಸ್ಟ್’. ಪಕ್ಕದ ನಾರ್ವೆಯಲ್ಲಿ ಇದೇ ಪದಕ್ಕೆ ಬೆಳಗಿನ ತಿಂಡಿ ಎಂಬ ಅರ್ಥವಿದೆ, ಎಚ್ಚರ!

ಕೊನೆಯ ‘ದ್’ ನಮ್ಮ ದಕಾರವಲ್ಲ. ನಾಲಿಗೆಯ ತುದಿ ಕೆಳಹಲ್ಲಿನ ಹಿಂದೆ ಇರಬೇಕು. ನಮ್ಮ ಕಿವಿಗೆ ಅದು ಹೆಚ್ಚುಕಡಿಮೆ ‘ಲ್’ ಎಂದೇ ಕೇಳಿಸುತ್ತದೆ. ಕನ್ನಡ ಲಿಪಿಯನ್ನು ನಂಬದೆ ಧ್ವನಿಮುದ್ರಿಕೆ ಕೇಳಿಯೇ ಕಲಿಯಿರಿ.

ಮಧ್ಯಾಹ್ನದ ಊಟ ಬಹುಮಟ್ಟಿಗೆ ತಣ್ಣಗಿನದೇ. ‘ರೂಬ್ರೊದ್’ ಎಂಬ, ರೈ ಧಾನ್ಯದ ಕಪ್ಪು ಬ್ರೆಡ್ಡಿನ ತುಂಡಿಗೆ ‘ಸ್ಮೊರ್’ (ಬೆಣ್ಣೆ) ಸವರಿ, ಮೇಲೆ ‘ಒಸ್ಟ್’ (ಚೀಸ್), ‘ಎಗ್’ (ಮೊಟ್ಟೆ) ಅಥವಾ ‘ಸಿಲ್’ (ಹೆರಿಂಗ್ ಮೀನು) ಇಟ್ಟರೆ ಅದೇ ಹೆಸರಾಂತ ‘ಸ್ಮೊರಬ್ರೊದ್’. ಒಂದೇ ತಟ್ಟೆಯಿಂದ ಐದಾರು ಪದಗಳು ಸಿಕ್ಕಿಬಿಡುತ್ತವೆ. ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ನೀವು ಸಸ್ಯಾಹಾರಿಯಾದರೆ ‘ಕೊದ್’ (ಮಾಂಸ), ‘ಫಿಸ್ಕ್’ (ಮೀನು), ‘ಊದನ್’ (ಇಲ್ಲದೆ) ಎಂಬ ಮೂರನ್ನು ಹೊರಡುವ ಮುನ್ನವೇ ಕಲಿತಿರಿ. ಬ್ರೆಡ್ಡಿಗೆ ಹಚ್ಚುವ ‘ಲೇವರ್‌ಪೊಸ್ಟಾಯ್’ ನೋಡಲು ನಿರುಪದ್ರವಿ; ಸಾಮಾನ್ಯವಾಗಿ ಅದರಲ್ಲಿರುವುದು ಹಂದಿಯ ಯಕೃತ್ತು. ಹಾಲು ‘ಮೆಲ್ಕ್’, ನೀರು ‘ವ್ಯಾನ್’, ಅಕ್ಕಿ-ಅನ್ನ ಎರಡೂ ‘ರೀಸ್’.

ಏನಾದರೂ ಬೇಕಾದಾಗ ‘ಯಾಯ್ ವಿ ಗೇರ್ನ ಹಾ’ ಎಂದು ಶುರುಮಾಡಿ ವಸ್ತುವಿನ ಹೆಸರು ಸೇರಿಸಿದರೆ ಸಾಕು. ಯಾರಾದರೂ ಊಟಕ್ಕೆ ಕರೆದರೆ, ಏಳುವಾಗ ‘ತಾಕ್ ಫೊ ಮ್ಯಾದ್’ ಎಂದು ಊಟಕ್ಕೆ ಧನ್ಯವಾದ ಹೇಳಿ. ಬಡಿಸಿದವರು ‘ವೆಲ್‌ಬೆಕೊಮ್ಮ’ ಎನ್ನುತ್ತಾರೆ.