ಸೀನಿಯರ್ ಬ್ರೇಕ್ ಚೆಕ್ ಮಾಡೋದೇ ಇಲ್ಲ, ಹೇಳಿದರೆ ನನ್ನ ಕೆಲಸ ಹೋಗುತ್ತಾ?

ತಮ್ಮಾ, ನಿನ್ನ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಕಲಬುರಗಿಯಿಂದ ಹೋಗಿ ಏರ್‌ಪೋರ್ಟ್‌ನಲ್ಲಿ ಲಗೇಜ್ ತುಂಬುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಕೆಲಸ ಕೊಡಿಸಿದ ನಮ್ಮ ಕಡೆಯವರೇ ನಿನ್ನ ಸೀನಿಯರ್. ಅವರು ಬ್ರೇಕ್ ಚೆಕ್ ಮಾಡದೆ ಗಾಡಿಯನ್ನು ವಿಮಾನದ ಹತ್ತಿರ ಒಯ್ಯುತ್ತಾರೆ, ಕಂಪ್ಲೇಂಟ್ ಕೊಡಲಾ ಅಥವಾ ಪರ್ಮನೆಂಟ್ ಆಗೋವರೆಗೆ ಹೊಂದಿಕೊಂಡು ಹೋಗಲಾ ಅಂತ ಕೇಳಿದ್ದೀಯ. ಇದು 2018ರ ನನ್ನ ಕಥೆಯೇ.

ನಾನು ಸೇಡಂ ಕಡೆಯವನು. ತೊಗರಿ ಹೊಲದಿಂದ ನೇರವಾಗಿ ಒಂದು ದೊಡ್ಡ ಏರ್‌ಪೋರ್ಟ್‌ಗೆ ಹೋದವನು. ಅಲ್ಲಿ ಬೆಲ್ಟ್ ಲೋಡರ್ ಓಡಿಸುತ್ತಿದ್ದವರನ್ನು ನಾನು ಕಾಕಾ ಅಂತಿದ್ದೆ. ರಕ್ತಸಂಬಂಧ ಇಲ್ಲ, ಪಕ್ಕದ ಊರಿನವರು. ನನಗೆ ಕೆಲಸ ಕೊಡಿಸಿದವರು ಅವರೇ, ಮೊದಲ ತಿಂಗಳು ರೂಮಿನ ಬಾಡಿಗೆ ಕಟ್ಟಿದವರು ಅವರೇ. ಊರಿಗೆ ಹೋಗಿ ಬಂದರೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಮೊದಲು ನನ್ನ ಮುಂದೆ ಇಡುತ್ತಿದ್ದರು. ಅಂಥವರಿಗೆ ಎದುರು ಮಾತಾಡೋದು ಹೇಗೆ, ಅಲ್ವಾ?

ನಿನಗೆ ಗೊತ್ತಿರುವುದೇ, ಆದರೂ ಬೇರೆಯವರಿಗೆ ತಿಳಿಯಲಿ ಅಂತ ಹೇಳ್ತೀನಿ. ಬೆಲ್ಟ್ ಲೋಡರ್ ಅಂದರೆ ವಿಮಾನದ ಹೊಟ್ಟೆಗೆ ಬ್ಯಾಗ್ ಏರಿಸುವ ಗಾಡಿ. ವಿಮಾನದ ಹತ್ತಿರ ಹೋಗುವ ಮುಂಚೆ ದೂರದಲ್ಲೇ ಅದನ್ನು ಪೂರ್ತಿ ನಿಲ್ಲಿಸಿ, ಬ್ರೇಕ್ ಹಿಡಿಯುತ್ತಾ ನೋಡಿ, ಆಮೇಲೆ ನಡೆಯುವ ವೇಗದಲ್ಲಿ ಬರಬೇಕು. ಮುಂದೆ ಒಬ್ಬ ನಿಂತು ಕೈಸನ್ನೆ ಮಾಡಬೇಕು. ಆ ರಾತ್ರಿ ಕೈಸನ್ನೆ ಮಾಡಬೇಕಾದವನು ನಾನು. ವಿಮಾನ ಲೇಟಾಗಿ ಬಂದಿತ್ತು, ಜನ ಕಡಿಮೆ ಇದ್ದರು, ನಾನು ಟ್ರಾಲಿ ಎಳೆಯುತ್ತಿದ್ದೆ. ಕಾಕಾ ಬ್ರೇಕ್ ನೋಡದೆ ಸೀದಾ ಬಂದರು. ಬ್ರೇಕ್ ಸ್ವಲ್ಪ ತಡವಾಗಿ ಹಿಡಿಯಿತು. ಟಪ್ ಅಂತ ಒಂದು ಸಣ್ಣ ಸದ್ದು, ಅಷ್ಟೇ.

ಓಡಿ ಹೋಗಿ ನೋಡಿದೆ. ಕಾರ್ಗೋ ಬಾಗಿಲಿನ ಕೆಳಗೆ ಗೇಣುದ್ದ ಕಪ್ಪು ರಬ್ಬರ್ ಗುರುತು. ಕಾಕಾ ಕೈಗವಸಿನಿಂದ ಒರೆಸಿದರು, ಗುರುತು ಹೋಯಿತು. "ಏನೂ ಆಗಿಲ್ಲ ತಗೋ, ಬ್ಯಾಗ್ ಹಾಕು" ಅಂದರು. ನಾನು ಕೈಗವಸು ತೆಗೆದು ಬೆರಳು ಆಡಿಸಿದೆ. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಗೊತ್ತಾಗುತ್ತಿತ್ತು. ಜೋಳದ ಹಿಟ್ಟಿನ ಮುದ್ದೆಯನ್ನು ಹೆಬ್ಬೆರಳಲ್ಲಿ ಮೆತ್ತಗೆ ಒತ್ತಿದರೆ ಬೀಳುತ್ತಲ್ಲ, ಅಷ್ಟೇ ತಗ್ಗು.

ನನ್ನ ದೊಡ್ಡ ತಪ್ಪು ಇನ್ನೂ ಆಗಿರಲಿಲ್ಲ, ಇದನ್ನು ಗಮನವಿಟ್ಟು ಓದು. ಟ್ರಾಲಿ ಎಳೆಯುತ್ತಿದ್ದದ್ದು ತಪ್ಪೇ, ಆದರೆ ಅದಕ್ಕೆ ಕಾರಣಗಳಿದ್ದವು, ಅದನ್ನು ಯಾರಾದರೂ ಕೇಳುತ್ತಿದ್ದರು. ಬ್ಯಾಗ್ ತುಂಬಿ ಬಾಗಿಲು ಹಾಕಿದ ಮೇಲೆ ಇಂಜಿನಿಯರ್ ಟಾರ್ಚ್ ಹಿಡಿದು ಸುತ್ತು ಬಂದರು. ನನ್ನಿಂದ ಹತ್ತು ಹೆಜ್ಜೆ ದೂರ ನಿಂತು ಎಲ್ಲಾ ಓಕೆನಾ ಅಂತ ಕೈಯಲ್ಲೇ ಕೇಳಿದರು. ನಾನು ಹೆಬ್ಬೆರಳು ಎತ್ತಿದೆ. ಅದೇ ತಪ್ಪು. ಸುಮ್ಮನಿದ್ದದ್ದು ಅಂತ ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ, ಆದರೆ ನಾನು ಸುಮ್ಮನಿರಲಿಲ್ಲ, ಉತ್ತರ ಕೊಟ್ಟಿದ್ದೆ. ನೂರಕ್ಕಿಂತ ಜಾಸ್ತಿ ಜನ ಕೂತಿದ್ದ ವಿಮಾನದ ಬಗ್ಗೆ ಕೇಳಿದ್ದಕ್ಕೆ ಗೊತ್ತಿದ್ದೂ ಸುಳ್ಳು ಉತ್ತರ ಕೊಟ್ಟಿದ್ದೆ. ಆ ಟಾರ್ಚ್ ನನ್ನ ಮುಖದ ಮೇಲೆ ಮೂರು ಸೆಕೆಂಡ್ ಇತ್ತು, ಬಾಯಿ ತೆರೆಯಲು ಅಷ್ಟು ಸಾಕಿತ್ತು. ಟ್ರೈನಿಂಗ್‌ನಲ್ಲಿ ಸೇಫ್ಟಿ ಮ್ಯಾನೇಜ್‌ಮೆಂಟ್ ಪಾಠ ಆಗಿತ್ತು, ವಿಮಾನಯಾನದ ಅಂತರರಾಷ್ಟ್ರೀಯ ಸಂಸ್ಥೆ ಐಕಾವೊ 2013ರಲ್ಲಿ ಅದಕ್ಕೆಂದೇ ಅನೆಕ್ಸ್ 19 ಅನ್ನೋ ನಿಯಮಾವಳಿ ತಂದದ್ದು ಬಾಯಿಪಾಠ ಇತ್ತು, ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸೂ ಬಂದಿತ್ತು. ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದು ಕಾಕಾ ಕಟ್ಟಿದ ರೂಮ್ ಬಾಡಿಗೆ ಮಾತ್ರ.

ವಿಮಾನ ಹೋಯಿತು, ಇಳಿಯಿತು. ಬೆಳಗಿನ ಬೆಳಕಲ್ಲಿ ಅಲ್ಲಿಯ ಇಂಜಿನಿಯರ್ ತಗ್ಗು ನೋಡಿ ವಿಮಾನ ನಿಲ್ಲಿಸಿದರು. ಮಧ್ಯಾಹ್ನ ನಮ್ಮನ್ನು ಕರೆದು ಕೇಳಿದಾಗ ನಾನು ಮತ್ತೆ "ಇಲ್ಲ ಸರ್, ಏನೂ ಆಗಿಲ್ಲ" ಅಂದೆ. ಆಮೇಲೆ ಸಿಸಿಟಿವಿ ತೋರಿಸಿದರು. ಕಾಕಾ ಒರೆಸುವುದು, ನಾನು ಕೈಗವಸು ತೆಗೆದು ಮುಟ್ಟುವುದು, ಹೆಬ್ಬೆರಳು ಎತ್ತುವುದು, ಎಲ್ಲಾ ಅದರಲ್ಲಿತ್ತು. ಇಬ್ಬರದೂ ಪಾಸ್ ಕಿತ್ತುಕೊಂಡರು, ಇಬ್ಬರ ಕೆಲಸವೂ ಹೋಯಿತು.

ನನಗೆ ಈಗಲೂ ಹೊಟ್ಟೆ ಉರಿಯುವ ಮಾತು ಒಂದಿದೆ. ಅದಕ್ಕೆ ಎರಡು ತಿಂಗಳ ಹಿಂದೆ ಬೇರೆ ಶಿಫ್ಟ್‌ನವರ ಗಾಡಿ ಹೀಗೆಯೇ ತಾಗಿತ್ತು. ಅವರು ಅಲ್ಲೇ ಕೂಗಿ ಹೇಳಿದರು. ಇಂಜಿನಿಯರ್ ತಗ್ಗು ಅಳೆದು, ಮಿತಿಯೊಳಗೆ ಇದೆ ಅಂತ ಬರೆದುಕೊಂಡು ವಿಮಾನ ಬಿಟ್ಟರು. ಡ್ರೈವರ್‌ನನ್ನು ಮತ್ತೆ ಟ್ರೈನಿಂಗ್‌ಗೆ ಕಳಿಸಿದರು, ಆತ ಇಂದಿಗೂ ಅಲ್ಲೇ ಇದ್ದಾನೆ. ಕಾಕಾನನ್ನು ಕಾಪಾಡ್ತೀನಿ ಅಂದುಕೊಂಡು ನಾನೇ ಅವರ ಕೆಲಸ ಕಳೆದೆ.

ಇಷ್ಟು ಸಣ್ಣ ತಗ್ಗಿಗೆ ಯಾಕೆ ಇಷ್ಟು ಗಲಾಟೆ ಅಂತ ನಿನ್ನ ಸೀನಿಯರ್ ಕೇಳಬಹುದು. ಮೇಲೆ ಹೋದಾಗ ಒಳಗಿನ ಗಾಳಿಯ ಒತ್ತಡ ಆ ತಗಡನ್ನು ಹೊರಗೆ ತಳ್ಳುತ್ತಾ ಇರುತ್ತೆ. 2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್‌ನಲ್ಲಿ ನಿಂತಿದ್ದ ಅಲಾಸ್ಕಾ ಏರ್‌ಲೈನ್ಸ್ ವಿಮಾನಕ್ಕೆ ಲಗೇಜ್ ಕೆಲಸದವನ ಗಾಡಿ ತಾಗಿತು, ಆತ ಹೇಳಲಿಲ್ಲ. ಸುಮಾರು 26,000 ಅಡಿ ಎತ್ತರದಲ್ಲಿ ಆ ಜಾಗ ಹರಿದು ಅಡಿಯುದ್ದದ ತೂತು ಬಿತ್ತು, ಆಕ್ಸಿಜನ್ ಮಾಸ್ಕ್‌ಗಳು ಕೆಳಗೆ ಬಿದ್ದವು. ಪೈಲಟ್‌ಗಳು ವಾಪಸ್ ತಂದು ಇಳಿಸಿದ್ದರಿಂದ ಎಲ್ಲರೂ ಉಳಿದರು. ಇದನ್ನು ನಾನು ಓದಿದ್ದು ಕೆಲಸ ಹೋದ ಮೇಲೆ. ಮೈ ನಡುಗಿತು.

ಹಿರಿಯರ ಮಾತು ಮೀರಬಾರದು ಅನ್ನೋದು ವಿಮಾನ ನಿಲ್ಲಿಸಿ ಲಗೇಜ್ ತುಂಬುವ ರ‍್ಯಾಂಪ್‌ನಲ್ಲಿ ಮಾತ್ರ ಇರುವ ರೋಗ ಅಲ್ಲ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಇಳಿಯುವ ಮುಂಚೆ ಕೋ-ಪೈಲಟ್ ಗೋ ಅರೌಂಡ್, ಅಂದರೆ ಇಳಿಸಬೇಡಿ, ಮತ್ತೆ ಮೇಲೇರಿಸಿ ಅಂತ ಹೇಳಿದ್ದು ರೆಕಾರ್ಡ್ ಆಗಿದೆ. ಕ್ಯಾಪ್ಟನ್ ಕೇಳಲಿಲ್ಲ. ಬಾಯಿಬಿಟ್ಟು ಹೇಳಿದರೂ ಹೀಗಾಗುತ್ತೆ, ಇನ್ನು ನನ್ನ ಥರ ಹೆಬ್ಬೆರಳು ಎತ್ತಿದರೆ?

ಅದಕ್ಕೇ ನಿನ್ನ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕಂಪ್ಲೇಂಟ್ ಅಥವಾ ಹೊಂದಾಣಿಕೆ ಅಂತ ಎರಡೇ ದಾರಿ ಇಟ್ಟಿದ್ದೀಯ. ಕಂಪ್ಲೇಂಟ್ ಅಂದರೆ ಮನುಷ್ಯನ ಮೇಲೆ ಕೊಡೋದು. ಸೇಫ್ಟಿ ರಿಪೋರ್ಟ್ ಅಂದರೆ ಏನಾಯ್ತು, ಎಲ್ಲಿ ಆಯ್ತು, ಆಗ ಎಷ್ಟು ಜನ ಇದ್ದರು ಅಂತ ಬರೆಯೋದು. ಅಮೆರಿಕದಲ್ಲಿ 1976ರಿಂದ ಇಂಥ ರಿಪೋರ್ಟ್‌ಗಳನ್ನು ತಗೊಳ್ಳೋದು ದಂಡ ಹಾಕುವ ಇಲಾಖೆ ಅಲ್ಲ, ನಾಸಾ. ಹೆದರದೆ ಬರೆಯಲಿ ಅಂತಲೇ ಹಾಗೆ ಮಾಡಿದ್ದಾರೆ. ನಿಮ್ಮ ಕಂಪನಿಯಲ್ಲೂ ಫಾರ್ಮ್ ಇದ್ದೇ ಇರುತ್ತೆ, ಹೆಸರು ಹಾಕದೆ ಬರೆಯಬಹುದಾ ಅಂತ ಕೇಳಿ ನೋಡು. ಜನ ಕಡಿಮೆ ಇದ್ದರು, ಸನ್ನೆ ಮಾಡಲು ಯಾರೂ ಇರಲಿಲ್ಲ ಅನ್ನೋದನ್ನು ಮೊದಲು ಬರಿ. ನಮ್ಮಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಆದರೆ ಗಾಡಿ ವಿಮಾನಕ್ಕೆ ತಾಗಿದರೆ ಫಾರ್ಮ್ ಹುಡುಕುತ್ತಾ ಹೋಗಬೇಡ, ಆ ಕ್ಷಣವೇ ಕೂಗು. ಆ ವಿಮಾನ ಅಲ್ಲಿಂದ ಕದಲಬಾರದು.

ಈಗ ನಾನು ನಮ್ಮ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಸೇಫ್ಟಿ ಕೆಲಸದಲ್ಲಿದ್ದೀನಿ. ಗೇಟಿನಲ್ಲಿ ಅಪಘಾತವಿಲ್ಲದ ದಿನಗಳು ಇಷ್ಟು ಅಂತ ಬರೆಯುವ ಬೋರ್ಡ್ ಎಷ್ಟೋ ಕಡೆ ಇರುತ್ತಲ್ಲ, ಅದನ್ನು ಕಂಡರೆ ನನಗೆ ಆಗಲ್ಲ. ನೂರು ದಿನ ಆಗಿದ್ದಾಗ ಬೆರಳು ಜಜ್ಜಿಕೊಂಡವನು ಯಾರಿಗೂ ಹೇಳದೆ ಬಟ್ಟೆ ಸುತ್ತಿಕೊಂಡು ಮನೆಗೆ ಹೋಗ್ತಾನೆ. ಸ್ವಲ್ಪದರಲ್ಲಿ ತಪ್ಪಿದ್ದನ್ನು ಬಂದು ಹೇಳಿದವರು ಎಷ್ಟು ಜನ ಅಂತ ಲೆಕ್ಕ ಇಡಿ ಅಂತ ನಾನು ಜಗಳ ಮಾಡ್ತಾನೇ ಇರ್ತೀನಿ.

2019ರ ನವೆಂಬರ್ 22ರಂದು ನಮ್ಮ ಕಲಬುರಗಿ ಏರ್‌ಪೋರ್ಟ್ ಶುರುವಾದಾಗ ಶ್ರೀನಿವಾಸ ಸರಡಗಿಗೆ ನಾನೂ ಹೋಗಿದ್ದೆ. ಬೆಂಗಳೂರಿನ ವಿಮಾನ ಇಳಿಯಿತು, ಸುತ್ತ ಜನ ಮೊಬೈಲ್ ಎತ್ತಿ ಹಿಡಿದಿದ್ದರು. ನನ್ನ ಕಣ್ಣು ಮಾತ್ರ ಅದರ ಹೊಟ್ಟೆಯ ಕೆಳಗೇ ಹೋಯಿತು.

ನಾಳೆ ಶಿಫ್ಟ್‌ನಲ್ಲಿ ಅವರು ಬ್ರೇಕ್ ನೋಡದೆ ಬಂದರೆ ಬದಿಗೆ, ಅವರಿಗೆ ಕಾಣುವ ಹಾಗೆ ನಿಂತು ಎರಡೂ ಕೈ ಎತ್ತಿ ನಿಲ್ಲಿಸು. ನಿಂತ ಮೇಲೆ ಹತ್ತಿರ ಹೋಗಿ "ಕಾಕಾ, ಬ್ರೇಕ್ ನೋಡ್ಕೊಂಡು ಬರ್ರಿ" ಅಂತ ಮರ್ಯಾದೆಯಿಂದಲೇ ಹೇಳು. ಬೈಯ್ತಾರೆ, ಬೈಯಲಿ. ಶಿಫ್ಟ್ ಮುಗಿದ ಮೇಲೆ ಏನಾಯ್ತು ಅಂತ ಇಲ್ಲೇ ಕೆಳಗೆ ಬರಿ, ನಾನು ನೋಡ್ತಾ ಇರ್ತೀನಿ.